ಕೈ ಹಿಡಿದವರು, ಕೈ ಕೊಟ್ಟವರು

ವೈದ್ಯ ವಿದ್ಯೆ ಪುಸ್ತಕದಿಂದ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುಸ್ತಕದಲ್ಲಿ ರೋಗದ ಹೆಸರಿರುತ್ತದೆ, ಔಷಧಿಯ ಹೆಸರಿರುತ್ತದೆ. ಹೊಟ್ಟೆ ಮೇಲೆ ಕೈ ಇಟ್ಟಾಗ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅನ್ನೋದು ಪುಸ್ತಕದಲ್ಲಿ ಇರೋದಿಲ್ಲ. ನೋವು ತಿನ್ನುತ್ತ ಮಲಗಿರುವ ಹೆಂಗಸಿನ ಒಳಗೆ ಮಗುವಿನ ತಲೆ ಯಾವ ಕಡೆ ತಿರುಗಿದೆ ಅನ್ನೋದು ಬೆರಳ ತುದಿಗೇ ಗೊತ್ತಾಗಬೇಕು. ಆ ಬೆರಳಿಗೆ ಇನ್ನೊಂದು ಪಳಗಿದ ಬೆರಳು ಹೇಳಿಕೊಡಬೇಕು. ನೇಯ್ಗೆ, ಕುಂಬಾರಿಕೆ, ಚಮ್ಮಾರಿಕೆಯ ಹಾಗೆ ಇದೂ ಒಂದು ಕೈಕಸುಬು. ಚಮ್ಮಾರನೂ ಡಾಕ್ಟರೂ ಇಬ್ಬರೂ ಹೊಲಿಯೋದು ಚರ್ಮವನ್ನೇ. ಸತ್ತ ದನದ ಚರ್ಮ ಹೊಲಿದವನು ಊರ ಹೊರಗುಳಿದ, ಬದುಕಿರುವ ಮನುಷ್ಯನ ಚರ್ಮ ಹೊಲಿದವನು ಊರ ನಡುವೆ ಬೋರ್ಡು ಹಾಕಿಕೊಂಡ.

ಕನ್ನಡದಲ್ಲಿ ಕೈ ಹಿಡಿಯೋದು ಅಂದರೆ ಒಂದು, ಕೈ ಕೊಡೋದು ಅಂದರೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು. ಡಾಕ್ಟರಾಗಲು ಬಂದ ಹುಡುಗ ಹುಡುಗಿಯರನ್ನು ಮೇಲಿನ ಡಾಕ್ಟರು ಕೈ ಹಿಡಿದರೋ, ಕೈ ಕೊಟ್ಟರೋ ಅನ್ನುವ ಸಂಗತಿ ಕಾಲೇಜುಗಳ ಸ್ಮರಣ ಸಂಚಿಕೆಗಳಲ್ಲಿ ಬರೋದಿಲ್ಲ. ಅಲ್ಲಿ ಕಟ್ಟಡದ ಫೋಟೋ ಇರುತ್ತದೆ, ಶಂಕುಸ್ಥಾಪನೆ ಮಾಡಿದ ಮಂತ್ರಿಯ ಹಾರ ಇರುತ್ತದೆ. ಒಳ್ಳೆಯ ಗುರು ಯಾರು ಅಂತ ಕೇಳಿದರೆ ಶಿಸ್ತಿನ ಸಿಪಾಯಿ, ಸಮಯಪಾಲಕ, ದೈವಭಕ್ತ ಅಂತ ನಾಲ್ಕು ಸವಕಲು ಮಾತು ಸಿಗುತ್ತವೆ. ಆ ಗುರುವಿನ ಕೈಕೆಳಗೆ ಯಾರಿಗೆ ಕತ್ತರಿ ಸಿಕ್ಕಿತು, ಯಾರಿಗೆ ಬರೀ ಕೇಸ್ ಶೀಟು ಬರೆಯುವ ಕೆಲಸ ಸಿಕ್ಕಿತು ಅನ್ನೋದನ್ನು ಯಾರೂ ಅಚ್ಚು ಹಾಕಿಸೋದಿಲ್ಲ.

ಈ ಚರಿತ್ರೆಯನ್ನು ಬೆಂಗಳೂರಿನ ಪಡುವಣ ದಿಕ್ಕಿನಿಂದ ನೋಡಬೇಕು. ಯಾಕೆಂದರೆ ಇಲ್ಲಿ ಗಿರಣಿ ಇತ್ತು, ಕೇರಿ ಇತ್ತು, ಅವುಗಳ ಪಕ್ಕದಲ್ಲೇ ಆಸ್ಪತ್ರೆ ಬಂತು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ಶ್ರೀರಾಂಪುರದ ಓಣಿಗಳು, ಮಾಗಡಿ ರಸ್ತೆ, ಅದರಾಚೆಗೆ ರಾಜಾಜಿನಗರದ ಕಾರ್ಖಾನೆ ಶೆಡ್ಡುಗಳು. ಆಮೇಲೆ ಬಸವೇಶ್ವರನಗರ, ವಿಜಯನಗರ ಬೆಳೆದವು. ಗಿರಣಿಗಳು ಮುಚ್ಚಿದವು, ಗಾರ್ಮೆಂಟ್ ಫ್ಯಾಕ್ಟರಿಗಳು ಬಂದವು. ಮೈಸೂರು ರಸ್ತೆ ಹಿಡಿದು ಕೆಂಗೇರಿ ಕಡೆ ಹೋದರೆ ಖಾಸಗಿ ಮೆಡಿಕಲ್ ಕಾಲೇಜುಗಳು ಎದ್ದಿವೆ. ನಡುವೆ ರಾಜಾಜಿನಗರದಲ್ಲಿ ಕಾರ್ಮಿಕರ ದುಡ್ಡಿನಿಂದ ಎದ್ದ ಇ.ಎಸ್.ಐ. ಆಸ್ಪತ್ರೆ ಇದೆ, ಅದಕ್ಕೆ ಸೇರಿದ ಮೆಡಿಕಲ್ ಕಾಲೇಜೂ ಇದೆ.

ರಾಜಾಜಿನಗರ ಅನ್ನುವ ಹೆಸರಿನ ಬಗ್ಗೆಯೇ ಒಂದು ಮಾತು. ಈ ರಾಜಾಜಿಯವರೇ 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದಾಗ ಒಂದು ಶಿಕ್ಷಣ ಯೋಜನೆ ತಂದರು. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಬೇಕು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಬೇಕು. ಪೆರಿಯಾರ್ ಕಡೆಯವರು ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಯೋಜನೆಯನ್ನು ಕಿತ್ತು ಹಾಕಿದರು. ಅಪ್ಪನ ಕಸುಬನ್ನೇ ಮಗ ಕಲಿಯಲಿ ಅಂದವರ ಹೆಸರಿನ ಬಡಾವಣೆಯಲ್ಲಿ ಇವತ್ತು ಯಂತ್ರದ ಮುಂದೆ ನಿಂತವನ ಮಗಳು ಸ್ಟೆತಾಸ್ಕೋಪು ಹಾಕಿಕೊಂಡು ಓಡಾಡುತ್ತಾಳೆ. ಚರಿತ್ರೆಗೂ ಒಂದೊಂದು ಸಲ ತಮಾಷೆ ಗೊತ್ತಿರುತ್ತದೆ.

*

ಈಗ ಹಿಂದಕ್ಕೆ ಹೋಗೋಣ. ವೈದ್ಯ ಅಂದರೆ ಈ ದೇಶದಲ್ಲಿ ಮೊದಲಿನಿಂದಲೂ ಮರ್ಯಾದೆಯ ಕೆಲಸ ಅಂತ ಕೆಲವರು ಹೇಳುತ್ತಾರೆ. ಮನುಸ್ಮೃತಿಯನ್ನು ತೆಗೆದು ನೋಡಲಿ. ಚಿಕಿತ್ಸೆ ಮಾಡುವವನು ಕೊಡುವ ಅನ್ನ ಕೀವಿಗೆ ಸಮಾನ ಅಂತ ಅಲ್ಲಿದೆ, ಅವನನ್ನು ಶ್ರಾದ್ಧಕ್ಕೆ ಕರೆಯಬಾರದು ಅಂತಲೂ ಇದೆ. ರಕ್ತ, ಕೀವು, ಹೆರಿಗೆಯ ಮೈಲಿಗೆ ಮುಟ್ಟುವವನು ಅವರ ಲೆಕ್ಕದಲ್ಲಿ ಶುದ್ಧನಲ್ಲ. ಹಾಗಾಗಿ ಹುಣ್ಣು ಕೊಯ್ಯೋದು ಕ್ಷೌರಿಕನ ಪಾಲಿಗೆ ಬಂತು. ಹೆರಿಗೆ ಮಾಡಿಸಿ ಹೊಕ್ಕುಳ ಬಳ್ಳಿ ಕತ್ತರಿಸೋದು ಎಷ್ಟೋ ಊರುಗಳಲ್ಲಿ ಕೇರಿಯ ಹೆಂಗಸಿನ ಪಾಲಿಗೆ ಬಂತು. ಮಗುವನ್ನು ಮೊದಲು ಮುಟ್ಟಿದ ಕೈ ಅವಳದು. ಮಗುವಿಗೆ ಸ್ನಾನವಾದ ಮೇಲೆ ಅದೇ ಕೈ ಮೈಲಿಗೆಯ ಕೈ. ಸೂಲಗಿತ್ತಿಯ ಮಗ ಆ ಮನೆಯ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ.

ಇಂಗ್ಲಿಷರ ಕಾಲದಲ್ಲಿ ಈ ಲೆಕ್ಕ ತಲೆಕೆಳಗಾಯಿತು. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಹೆಣ ಕೊಯ್ದರು. ಕಟ್ಟಳೆ ಮುರಿದರು ಅಂತ ಅವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಅವರು ಧೈರ್ಯವಂತರು ನಿಜ. ಆದರೆ ಹೆಣ ಮುಟ್ಟುವ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದ ಡೋಮರಿಗೆ ಅದು ಧೈರ್ಯವಾಗಿರಲಿಲ್ಲ, ದಿನಗೂಲಿಯಾಗಿತ್ತು. ಮುಟ್ಟೋದಕ್ಕೆ ಸಂಬಳ ಮತ್ತು ಸರ್ಟಿಫಿಕೇಟು ಬಂದ ಕೂಡಲೇ ಮೈಲಿಗೆ ಎಲ್ಲಿ ಹೋಯಿತೋ ಏನೋ. ಬೇರೆಯವರು ಮುಂದೆ ಬಂದು ಮೊದಲ ಬೆಂಚಿನಲ್ಲಿ ಕೂತರು. ಶವಾಗಾರದ ಬಾಗಿಲು ತೆರೆಯುವವನು, ಹೆಣ ತೊಳೆಯುವವನು, ಕೊಯ್ದಾದ ಮೇಲೆ ಹೊಲಿಯುವವನು ಮಾತ್ರ ಹಳೇ ಜನವೇ ಆಗಿ ಉಳಿದರು. ಎಷ್ಟೋ ಡಾಕ್ಟರುಗಳಿಗೆ ಮೊದಲ ಹೊಲಿಗೆ ತೋರಿಸಿಕೊಟ್ಟವರು ಡ್ರೆಸ್ಸರ್‌ಗಳು, ಹಳೇ ಸಿಸ್ಟರ್‌ಗಳು, ಥಿಯೇಟರಿನ ಅಟೆಂಡರ್‌ಗಳು. 'ಹಂಗಲ್ಲ ಸಾರ್, ಸೂಜಿ ಹಿಂಗೆ ಹಿಡೀರಿ' ಅಂತ ಮೆಲ್ಲಗೆ ಹೇಳಿಕೊಟ್ಟ ಇವರ ಹೆಸರು ಯಾವ ಸರ್ಟಿಫಿಕೇಟಿನ ಮೇಲೂ ಇಲ್ಲ.

ಬೆಂಗಳೂರಿಗೆ ಸಂಬಂಧಿಸಿದ ಒಬ್ಬರ ಕಥೆ ಇಲ್ಲಿ ಹೇಳಲೇಬೇಕು. ಪದ್ಮನಾಭನ್ ಪಲ್ಪು 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಈಳವರು. ಕಳ್ಳು ಇಳಿಸುವವರ ಜಾತಿ ಅಂತ ಮೇಲಿನವರು ದೂರ ಇಟ್ಟ ಜನ. ತಿರುವಾಂಕೂರಿನಲ್ಲಿ ವೈದ್ಯ ಶಿಕ್ಷಣಕ್ಕೆ ಹೋದರೆ ಬಾಗಿಲು ಮುಚ್ಚಿತ್ತು. ಮದ್ರಾಸಿಗೆ ಹೋಗಿ ಮೆಡಿಕಲ್ ಕಾಲೇಜಿನಲ್ಲಿ ಓದಿ ಬಂದರು. ಹುಟ್ಟಿದ ನಾಡಿನಲ್ಲಿ ಆಗಲೂ ಕೆಲಸವಿಲ್ಲ. ಕಡೆಗೆ ಕೆಲಸ ಕೊಟ್ಟಿದ್ದು ಮೈಸೂರು ಸಂಸ್ಥಾನ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ಪೇಟೆಯ ಜನ ಮನೆ ಬಿಟ್ಟು ಬಯಲಿಗೆ ಓಡಿದರು. ಉಳ್ಳವರು ಹೊಸ ಬಡಾವಣೆಗಳಿಗೆ ಹೋದರು, ಇಲ್ಲದವರು ತಡಿಕೆ ಗುಡಿಸಲಿನ ಕ್ಯಾಂಪುಗಳಿಗೆ ಹೋದರು. ಆ ಕ್ಯಾಂಪುಗಳ ಕೆಲಸಕ್ಕೆ ನಿಂತವರಲ್ಲಿ ಪಲ್ಪು ಒಬ್ಬರು. ತಮ್ಮ ನಾಡಿನಲ್ಲಿ ಮುಟ್ಟಿಸಿಕೊಳ್ಳದಿದ್ದ ಕೈ ಇಲ್ಲಿ ಎಲ್ಲರೂ ಮುಟ್ಟಲು ಹೆದರುವ ಮೈಗಳನ್ನು ಮುಟ್ಟಿತು. ಅದಕ್ಕೂ ಎರಡು ವರ್ಷ ಮೊದಲು, 1896ರಲ್ಲಿ, ಇದೇ ಮನುಷ್ಯ 13,176 ಈಳವರ ಸಹಿಯ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಕೊಡಿಸಿದ್ದರು. ನಮ್ಮ ಮಕ್ಕಳಿಗೂ ಶಾಲೆ, ನಮ್ಮವರಿಗೂ ಸರ್ಕಾರಿ ಕೆಲಸ ಅನ್ನೋದೇ ಬೇಡಿಕೆ. 1903ರಲ್ಲಿ ನಾರಾಯಣ ಗುರುಗಳ ಜೊತೆ ಸೇರಿ ಎಸ್.ಎನ್.ಡಿ.ಪಿ. ಕಟ್ಟಿದವರೂ ಇವರೇ.

ಪಲ್ಪು ಅವರಿಗೆ ಮದ್ರಾಸಿನಲ್ಲಿ ಬಾಗಿಲು ತೆರೆಯದಿದ್ದರೆ ಬೆಂಗಳೂರಿನ ಪ್ಲೇಗು ಕ್ಯಾಂಪಿನಲ್ಲಿ ಒಬ್ಬ ಡಾಕ್ಟರು ಕಮ್ಮಿಯಾಗುತ್ತಿದ್ದರು. ಇಷ್ಟು ಸರಳವಾದ ಲೆಕ್ಕ ಮೀಸಲಾತಿ ವಿರೋಧಿಗಳಿಗೆ ಇವತ್ತಿಗೂ ಹತ್ತೋದಿಲ್ಲ.

*

ನಮ್ಮ ಕಡೆ ವೈದ್ಯ ಶಿಕ್ಷಣ ಬಂದ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ. 1917ರಲ್ಲಿ ಬೆಂಗಳೂರಿನಲ್ಲಿ ಎಲ್.ಎಂ.ಪಿ. ಕಲಿಸುವ ಶಾಲೆ. 1924ರಲ್ಲಿ ಅದೇ ಕಾಲೇಜಾಯಿತು, 1930ರಲ್ಲಿ ಮೈಸೂರಿಗೆ ಹೋಯಿತು. 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು. ಈ ನಡುವೆ 1946ರಲ್ಲಿ ಭೋರ್ ಸಮಿತಿಯ ವರದಿ ಬಂತು. ಆಗ ಬ್ರಿಟಿಷ್ ಇಂಡಿಯಾದಲ್ಲಿ ಡಿಗ್ರಿ ಡಾಕ್ಟರುಗಳು 17,654, ಎಲ್.ಎಂ.ಪಿ. ಥರದ ಲೈಸೆನ್ಷಿಯೇಟುಗಳು 29,870. ಕಮ್ಮಿ ವರ್ಷ, ಕಮ್ಮಿ ಖರ್ಚಿನ ಓದು ಅದು. ಹಳ್ಳಿಗೆ ಹೋಗುತ್ತಿದ್ದವರು ಹೆಚ್ಚಾಗಿ ಅವರೇ. ಸಮಿತಿ ಆ ಓದನ್ನೇ ತೆಗೆಯಿರಿ ಅಂದಿತು, ತೆಗೆದರು. ಗುಣಮಟ್ಟ ಅನ್ನೋ ಮಾತು ನಮ್ಮವರ ಮುಖಕ್ಕೆ ಬಾಗಿಲು ಹಾಕುವಾಗಲೇ ಜಾಸ್ತಿ ಕೇಳಿಸುತ್ತದೆ.

ಇನ್ನು ಖಾಸಗಿ ಕಾಲೇಜು. 1953ರಲ್ಲಿ ಮಣಿಪಾಲದಲ್ಲಿ ಶುರುವಾಗಿದ್ದು ಆಮೇಲೆ ಊರೂರಿಗೆ ಹಬ್ಬಿತು. ಮಠಗಳು, ಜಾತಿ ಸಂಘಗಳು, ದುಡ್ಡಿದ್ದ ದಣಿಗಳು ಒಬ್ಬರ ಹಿಂದೆ ಒಬ್ಬರು ಮೆಡಿಕಲ್ ಕಾಲೇಜು ತೆರೆದರು. ಕ್ಯಾಪಿಟೇಶನ್ ವ್ಯಾಪಾರ ಎಷ್ಟು ನಾರಿತೆಂದರೆ 1984ರಲ್ಲಿ ಸರ್ಕಾರವೇ ಅದನ್ನು ನಿಷೇಧಿಸುವ ಕಾನೂನು ಮಾಡಬೇಕಾಯಿತು.

ಸರ್ಕಾರಿ ಸೀಟಿನ ಕಡೆಯೂ ಜಗಳ ಕಮ್ಮಿ ಇರಲಿಲ್ಲ. 1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳಲ್ಲಿ ನೂರಕ್ಕೆ 68ನ್ನು ಹಿಂದುಳಿದವರಿಗೂ ಪರಿಶಿಷ್ಟರಿಗೂ ಇಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. ಆಮೇಲೆ ಬಂದ ಚಿತ್ರಲೇಖಾ ಮೊಕದ್ದಮೆಯ ತೀರ್ಪು 1964ರದು. ಐಚ್ಛಿಕ ವಿಷಯಗಳ ಒಟ್ಟು ಅಂಕದ ನೂರಕ್ಕೆ 25ರಷ್ಟು ಅಂಕವನ್ನು ಸರ್ಕಾರ ಸಂದರ್ಶನಕ್ಕೆ ಇಟ್ಟಿತ್ತು. ಕೋರ್ಟು ಸಂದರ್ಶನ ತಪ್ಪಲ್ಲ ಅಂದಿತು. ಎದುರಿಗೆ ಕೂತ ದೊಡ್ಡ ಮನುಷ್ಯರು ಹುಡುಗನ ಮುಖ ನೋಡಿ, ಅಂಗಿ ನೋಡಿ, ಊರು ಕೇಳಿ, ಅಪ್ಪನ ಕಸುಬು ಕೇಳಿ ಅಂಕ ಹಾಕೋದಕ್ಕೆ ಇಂಥ ಕೋಣೆಗಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ? 1994ರಲ್ಲಿ ಸಿ.ಇ.ಟಿ. ಬಂದ ಮೇಲೆ ಸೀಟಿನ ಮಟ್ಟಿಗೆ ಕಾಗದದ ಅಂಕ ಮಾತಾಡುವ ಹಾಗಾಯಿತು.

ಆದರೆ ಗೆಳೆಯರೆ, ಸಂದರ್ಶನ ಹೋಗಲಿಲ್ಲ. ಅದು ಕಾಲೇಜಿನ ಗೇಟಿನಿಂದ ಎದ್ದು ಒಳಗೆ ಹೋಗಿ ಕೂತಿತು. ವೈವಾ ಅಂತ ಹೆಸರಿಟ್ಟುಕೊಂಡಿತು, ಇಂಟರ್ನಲ್ಸ್ ಅಂತ ಹೆಸರಿಟ್ಟುಕೊಂಡಿತು, ಥೀಸಿಸ್ ಗೈಡಿನ ಸಹಿ ಆಯಿತು, ಲಾಗ್ ಬುಕ್ಕಿನ ಷರಾ ಆಯಿತು. ಸೀಟು ಕೊಡಿಸೋ ತನಕ ಅಂಬೇಡ್ಕರ್ ಬರೆದ ಸಂವಿಧಾನ ಜೊತೆಗಿರುತ್ತದೆ. ಬೆಳಗಿನ ರೌಂಡ್ಸಿನಲ್ಲಿ, ಓ.ಟಿ.ಯ ಮುಚ್ಚಿದ ಬಾಗಿಲ ಹಿಂದೆ, ರಾತ್ರಿ ಎರಡು ಗಂಟೆಯ ಕ್ಯಾಶುವಾಲ್ಟಿಯಲ್ಲಿ ಜೊತೆಗಿರೋದು ಯೂನಿಟ್ ಚೀಫ್ ಒಬ್ಬರೇ.

*

ರಾಜಾಜಿನಗರದ ಆಸ್ಪತ್ರೆಗೆ ಬರೋಣ. ನೌಕರರ ರಾಜ್ಯ ವಿಮೆಯ ಕಾಯಿದೆ 1948ರದು. 1952ರಲ್ಲಿ ಕಾನ್ಪುರ, ದೆಹಲಿಯಲ್ಲಿ ಶುರುವಾದ ಯೋಜನೆ 1958ರಲ್ಲಿ ಬೆಂಗಳೂರಿಗೆ ಬಂತು. ಇದು ಧರ್ಮಾಸ್ಪತ್ರೆ ಅಲ್ಲ ಅನ್ನೋದನ್ನು ಒತ್ತಿ ಹೇಳಬೇಕು. 2019ರ ಜುಲೈಯಿಂದ ಕಾರ್ಮಿಕನ ಕೂಲಿಯಲ್ಲಿ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ ಇದಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ಇನ್ನೂ ಜಾಸ್ತಿ ಹೋಗುತ್ತಿತ್ತು. ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವನು, ಹೊಲಿಗೆ ಯಂತ್ರದ ಮುಂದೆ ಕೂತು ಬೆನ್ನು ಹಿಡಿದುಕೊಂಡವಳು, ನೂಲಿನ ಧೂಳು ಕುಡಿದು ಕೆಮ್ಮುವವಳು ಇಲ್ಲಿ ಚೀಟಿ ಹಿಡಿದು ನಿಂತರೆ ಅವರು ತಮ್ಮ ದುಡ್ಡಿನ ಆಸ್ಪತ್ರೆಗೆ ತಾವೇ ಬಂದ ಹಾಗೆ.

2010ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ನಿಗಮ ತಾನೇ ಮೆಡಿಕಲ್ ಕಾಲೇಜು ನಡೆಸಬಹುದು ಅಂತ ಮಾಡಿದರು. 2012ರಲ್ಲಿ ರಾಜಾಜಿನಗರದಲ್ಲಿ ಎಂ.ಬಿ.ಬಿ.ಎಸ್. ಶುರುವಾಯಿತು. ವಿಮೆಯ ಕಾರ್ಮಿಕರ ಮಕ್ಕಳಿಗೆ ಅಂತಲೇ ಒಂದಷ್ಟು ಸೀಟು. 2015ರಲ್ಲಿ ನಿಗಮ, ಡಾಕ್ಟರುಗಳನ್ನು ತಯಾರು ಮಾಡೋದು ನಮ್ಮ ಮುಖ್ಯ ಕೆಲಸವಲ್ಲ, ಬಿಟ್ಟುಬಿಡುತ್ತೇವೆ ಅಂದಿತು. ವಿದ್ಯಾರ್ಥಿಗಳು ಬೀದಿಗೆ ಬಂದರು. ಕಡೆಗೆ ಕಾಲೇಜು ಉಳಿಯಿತು. ಇಡೀ ಸಂಸ್ಥೆಯೇ ತನ್ನ ಮಕ್ಕಳ ಕೈ ಬಿಡಲು ಹೊರಟಿದ್ದ ಪ್ರಸಂಗ ಇದು.

ಮೆಡಿಕಲ್ ಕಾಲೇಜುಗಳ ಮಾತಿನಲ್ಲಿ, ತಪಾಸಣೆಯ ಕಾಗದಪತ್ರಗಳಲ್ಲಿ ಒಂದು ಪದವಿದೆ. ರೋಗಿಗಳಿಗೆ ಅವರು ಕ್ಲಿನಿಕಲ್ ಮೆಟೀರಿಯಲ್ ಅನ್ನುತ್ತಾರೆ. 'ಅಲ್ಲಿ ಮೆಟೀರಿಯಲ್ ಚೆನ್ನಾಗಿದೆ' ಅಂದರೆ ಆ ಆಸ್ಪತ್ರೆಗೆ ಬಡವರು ಜಾಸ್ತಿ ಬರುತ್ತಾರೆ ಅಂತ ಅರ್ಥ. ಸಿಮೆಂಟು, ಜಲ್ಲಿ, ಮರಳಿನ ಹಾಗೆ ನಮ್ಮ ಅವ್ವಂದಿರ ಹೊಟ್ಟೆ, ನಮ್ಮ ಅಪ್ಪಂದಿರ ಶ್ವಾಸಕೋಶ. ಕಾರ್ಮಿಕನ ಮಗಳು ರೌಂಡ್ಸಿನಲ್ಲಿ ನಿಂತು ಈ ಮಾತು ಕೇಳಿಸಿಕೊಳ್ಳುತ್ತಾಳೆ ಅಂತ ಇಟ್ಟುಕೊಳ್ಳಿ. ಮಂಚದ ಮೇಲೆ ಮಲಗಿರುವವಳು ಅವಳ ಅವ್ವನ ಲೈನಿನಲ್ಲೇ ಕಾಲರ್ ಹೊಲಿಯುವವಳು. ಆಗ ಅವಳು ಯಾರ ಕಡೆ ನಿಲ್ಲಬೇಕು? ಮೇಲಿನ ಡಾಕ್ಟರು ಒಳ್ಳೆಯವರೋ ಕೆಟ್ಟವರೋ ಅನ್ನೋದು ತೀರ್ಮಾನವಾಗೋದು ಇಲ್ಲಿ. ಅವರು ರೋಗಿಯನ್ನು ಹೇಗೆ ಮುಟ್ಟುತ್ತಾರೋ ಕೆಳಗಿನವರು ಹಾಗೇ ಮುಟ್ಟಲು ಕಲಿಯುತ್ತಾರೆ. ಸೀರೆ ಸರಿಸುವ ಮುಂಚೆ ಪರದೆ ಎಳೆದರೆ ಹುಡುಗರೂ ಎಳೆಯುತ್ತಾರೆ. 'ಏಯ್, ಬಾಯಿ ಬಿಡು' ಅಂದರೆ ಹುಡುಗರೂ ಅದನ್ನೇ ಕಲಿಯುತ್ತಾರೆ.

ಇಟಲಿಯ ರಾಮಾಜಿನಿ ಅನ್ನುವ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಮೇಲೆ ಒಂದು ಪುಸ್ತಕ ಬರೆದ. ಅದಕ್ಕೆ ಕಾರಣವಾದದ್ದು ಮೊಡೆನಾ ಪಟ್ಟಣದಲ್ಲಿ ಅವನ ಮನೆಯ ಮಲದ ಗುಂಡಿ ಬಳಿಯಲು ಬಂದ ಒಬ್ಬ ಕೂಲಿಯವನು. ಅಷ್ಟು ಅವಸರದಲ್ಲಿ ಯಾಕೆ ದುಡಿಯುತ್ತೀಯ ಅಂತ ರಾಮಾಜಿನಿ ಕೇಳಿದ. ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣು ಹೋಗುತ್ತದೆ ಅನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟ. ಕಣ್ಣು ನೋಡಿದರೆ ಕೆಂಪಾಗಿ ಮಂಜಾಗಿತ್ತು. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ನೀನು ಏನು ಕೆಲಸ ಮಾಡುತ್ತೀಯ ಅನ್ನುವ ಪ್ರಶ್ನೆಯನ್ನೂ ಸೇರಿಸಿರಿ 
ಅಂತ ಅವನು ವೈದ್ಯರಿಗೆ ಹೇಳಿದ. ಮಲ ಬಳಿಯುವವನನ್ನು ಗುರು ಮಾಡಿಕೊಂಡ ವೈದ್ಯ ಅವನು. ನಮ್ಮಲ್ಲಿ ತಲೆ ಮೇಲೆ ಮಲ ಹೊರಿಸಬೇಡಿ ಅಂತ ಹೇಳಲು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು.

ರಾಜಾಜಿನಗರದಂಥ ಆಸ್ಪತ್ರೆಯಲ್ಲಿ ಕಲಿಸುವವರಿಗೆ ಈ ಒಂದು ಪ್ರಶ್ನೆಯೇ ದೊಡ್ಡ ಪಾಠ. ಹುಡುಗ ಕೇಸ್ ಒಪ್ಪಿಸುತ್ತಾನೆ: 'ನಲವತ್ತು ವರ್ಷದ ಹೆಂಗಸು, ಸುಸ್ತು, ಸೊಂಟ ನೋವು, ಉರಿ ಮೂತ್ರ.' ಒಳ್ಳೆಯ ಮೇಷ್ಟ್ರು ಬಯ್ಯೋದಿಲ್ಲ. 'ಎಷ್ಟು ಗಂಟೆ ಕೂತಿರ್ತಾಳೆ ಕೇಳ್ದೆಯೇನಪ್ಪ? ಉಚ್ಚೆಗೆ ಬಿಡ್ತಾರಾ? ನೀರು ಕುಡೀತಾಳಾ, ಇಲ್ಲ ಎದ್ದು ಹೋಗಬೇಕಾಗುತ್ತೆ ಅಂತ ಕುಡಿಯೋದೇ ಇಲ್ವಾ?' ಅಂತ ಕೇಳುತ್ತಾರೆ. ಹುಡುಗ ವಾಪಸ್ ಹೋಗಿ ಮಂಚದ ಪಕ್ಕ ಕೂತು ಕೇಳುತ್ತಾನೆ. ಆ ಹೆಂಗಸು ಮೊದಲ ಸಲ ಬಾಯಿ ಬಿಟ್ಟು ಮಾತಾಡುತ್ತಾಳೆ. ಹತ್ತು ಜನರ ಮುಂದೆ 'ಇದೂ ಗೊತ್ತಿಲ್ವಾ, ಯಾವ ಕೋಟಾದಲ್ಲಿ ಬಂದೆ?' ಅಂದಿದ್ದರೆ ಹುಡುಗ ಆವತ್ತಿನಿಂದ ಪ್ರಶ್ನೆ ಕೇಳೋದನ್ನೇ ಬಿಡುತ್ತಿದ್ದ. ಪ್ರಶ್ನೆ ಕೇಳೋದು ಬಿಟ್ಟ ಡಾಕ್ಟರು ಯಾವತ್ತೋ ಒಂದು ದಿನ ಯಾರದೋ ಜೀವ ತೆಗೆಯುತ್ತಾನೆ.

*

ಬಯ್ಯೋದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಒಂಟಿಯಾಗಿ ಬಿಟ್ಟು ಹೋಗೋದು. 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಿಯಾನ್ ಅನ್ನುವ 18 ವರ್ಷದ ಹುಡುಗಿ ಜ್ವರ ಅಂತ ರಾತ್ರಿ ಆಸ್ಪತ್ರೆ ಸೇರಿ ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ನೋಡಿಕೊಂಡವರು ತರಬೇತಿಯಲ್ಲಿದ್ದ ಇಬ್ಬರು ಕಿರಿಯ ಡಾಕ್ಟರುಗಳು. ಹಿರಿಯರು ಫೋನಿನಲ್ಲಿದ್ದರು. ಅವಳ ಅಪ್ಪ ಪತ್ರಕರ್ತ, ಬಿಡಲಿಲ್ಲ. ಬೆಲ್ ಅನ್ನುವ ವೈದ್ಯರ ಸಮಿತಿ ಕೂತು, 1989ರಲ್ಲಿ ನ್ಯೂಯಾರ್ಕ್ ರಾಜ್ಯ ನಿಯಮ ತಂದಿತು: ಕಿರಿಯರಿಗೆ ವಾರಕ್ಕೆ 80 ಗಂಟೆ ಮೀರಬಾರದು, ಹಿರಿಯರ ಮೇಲ್ವಿಚಾರಣೆ ಹಗಲು ರಾತ್ರಿ ಇರಬೇಕು. ಜನ 80 ಗಂಟೆಯನ್ನು ನೆನಪಿಟ್ಟುಕೊಂಡರು. ಎರಡನೆಯದೇ ಮುಖ್ಯ ಅಂತ ಬೆಲ್ ಹೇಳುತ್ತಲೇ ಇದ್ದರು.

ನಮ್ಮಲ್ಲಿ 1992ರಲ್ಲೇ ಕೇಂದ್ರ ಸರ್ಕಾರ ರೆಸಿಡೆಂಟ್ ಡಾಕ್ಟರುಗಳಿಗೆ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಿಸಬೇಡಿ ಅಂತ ಶಿಫಾರಸು ಮಾಡಿತು. 32 ವರ್ಷದಲ್ಲಿ ನಾವು 48ರಿಂದ 74ಕ್ಕೆ 'ಪ್ರಗತಿ' ಹೊಂದಿದ್ದೇವೆ. ನಾವೂ ಹೀಗೇ ಸತ್ತು ಸುಣ್ಣವಾಗಿ ಕಲಿತವರು, ನೀವೂ ಸಾಯಿರಿ ಅನ್ನೋದು ಮೇಲಿನವರ ವಾದ. ಅತ್ತೆ ಸೊಸೆಗೆ ಹೇಳುವ ಮಾತು ಇದು. ಜೀತಗಾರನ ಅಪ್ಪ ಮಗನಿಗೆ ಹೇಳಿದ್ದೂ ಇದೇ.

ಮೇಲಿನವರು ರಾತ್ರಿಯೆಲ್ಲ ವಾರ್ಡಿನಲ್ಲೇ ಮಲಗಿರಲಿ ಅಂತ ಯಾರೂ ಕೇಳುತ್ತಿಲ್ಲ. ರಾತ್ರಿ ಎರಡಕ್ಕೆ ಹೌಸ್ ಸರ್ಜನ್ ಫೋನ್ ಮಾಡಿದಾಗ 'ಇಷ್ಟಕ್ಕೆಲ್ಲ ಎಬ್ಬಿಸ್ತೀಯಾ?' ಅನ್ನದೆ 'ಬಿ.ಪಿ. ಎಷ್ಟಿದೆ ಹೇಳು, ಬಂದೆ' ಅನ್ನಬೇಕು. ಮೊದಲ ದಿನ ತಾನು ಕೊಯ್ದು ತೋರಿಸಬೇಕು. ಆಮೇಲೆ ಅವಳ ಕೈಗೆ ಚಾಕು ಕೊಟ್ಟು ಅವಳ ಕೈ ಮೇಲೆ ತನ್ನ ಕೈ ಇಡಬೇಕು. ಆಮೇಲೆ ಕೈ ತೆಗೆದು ಪಕ್ಕದಲ್ಲಿ ನಿಲ್ಲಬೇಕು. ಕಡೆಗೆ ಕೋಣೆಯಿಂದ ಹೊರಗೆ ಹೋಗಿ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಕೂರಬೇಕು. ಇದರಲ್ಲಿ ಯಾವ ಮೆಟ್ಟಿಲನ್ನು ಹಾರಿಸಿದರೂ ಬೀಳೋದು ರೋಗಿ. ಎಡವಟ್ಟಾದಾಗ ರೋಗಿಯ ಕಡೆಯವರು ಕಾಲರ್ ಹಿಡಿಯೋದು ಎದುರಿಗಿರುವ ಕಿರಿಯ ಡಾಕ್ಟರನ್ನು. ಆಗ ಮುಂದೆ ಬಂದು 'ಇದು ನನ್ನ ಯೂನಿಟ್ಟು, ನನ್ನ ಹತ್ರ ಮಾತಾಡಿ' ಅನ್ನುವವರು ಎಷ್ಟು ಮಂದಿ? ಆಪರೇಷನ್ ಚೆನ್ನಾಗಿ ಆದರೆ ಚೀಫ್ ಮಾಡಿದ್ದು, ಕೆಟ್ಟರೆ ಪಿ.ಜಿ. ಮಾಡಿದ್ದು ಅನ್ನುವ ಗಾದೆಯಂಥ ಮಾತು ಆಸ್ಪತ್ರೆಗಳ ಕ್ಯಾಂಟೀನಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಚಾಕು ಯಾರ ಕೈಗೆ ಕೊಡುತ್ತಾರೆ ಅನ್ನುವಲ್ಲಿ ಜಾತಿ ನುಸುಳುತ್ತದೆ. ಇದು ನಮ್ಮ ಊಹೆಯಲ್ಲ. 2006ರಲ್ಲಿ ದೆಹಲಿಯ ಏಮ್ಸ್ ಮೀಸಲಾತಿ ವಿರೋಧಿ ಚಳವಳಿಯ ಕೋಟೆಯಾಗಿತ್ತು. ಅಲ್ಲಿನ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿ ನೋಡಲು ಸುಖದೇವ್ ಥೋರಟ್ ಸಮಿತಿ ಕೂತಿತು. 2007ರ ಅದರ ವರದಿಯಲ್ಲಿ, ಮಾತಾಡಿಸಿದ ಪರಿಶಿಷ್ಟ ವಿದ್ಯಾರ್ಥಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಪ್ರಾಕ್ಟಿಕಲ್, ವೈವಾಗಳಲ್ಲಿ ನಮಗೆ ನ್ಯಾಯ ಸಿಗುತ್ತಿಲ್ಲ ಅಂದಿದ್ದಾರೆ. ಪರೀಕ್ಷಕರು ನಮಗೆ ಬೇರೆಯವರಿಗೆ ಕೊಡುವಷ್ಟು ಹೊತ್ತೂ ಕೊಡೋದಿಲ್ಲ ಅಂದಿದ್ದಾರೆ. ಹೊತ್ತು ಕೊಡದಿರೋದು! ಬಯ್ಗುಳಕ್ಕೆ ಸಾಕ್ಷಿ ಸಿಗಬಹುದು, ಹೊಡೆತಕ್ಕೆ ಗಾಯ ಸಿಗಬಹುದು, ಕೊಡದೇ ಉಳಿದ ಐದು ನಿಮಿಷಕ್ಕೆ ಯಾವ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಡೋದು? ಹೀಗೆ ಕೇಸು ಕೊಡದೆ, ಹೊತ್ತು ಕೊಡದೆ ಮೂರು ವರ್ಷ ಕಳೆಸಿ, ಕಡೆಗೆ 'ನೋಡಿ, ರಿಸರ್ವೇಷನ್ನಿನವರಿಗೆ ಕೈ ಓಡೋದಿಲ್ಲ' ಅಂತ ಅವರೇ ಷರಾ ಬರೆಯುತ್ತಾರೆ.

*

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಕ್ಷರ ಕಲಿತವರಲ್ಲ, ಕೂಲಿ ಮಾಡಿ ಬದುಕಿದವರು. ಹನ್ನೆರಡಕ್ಕೆ ಮದುವೆ. ಹೆರಿಗೆ ಮಾಡಿಸೋದನ್ನು ಕಲಿಸಿದ್ದು ಅಜ್ಜಿ ಮರಿಗೆಮ್ಮ. ನರಸಮ್ಮನವರದೇ ಕೆಲವು ಹೆರಿಗೆಗಳನ್ನು ಮಾಡಿಸಿದ್ದೂ ಆ ಅಜ್ಜಿಯೇ. ಎಂಥ ಪಾಠ ಅದು, ತನ್ನ ಮೈಮೇಲೇ ಗುರುವಿನ ಕೈ ಓಡಾಡಿದ್ದನ್ನು ಕಂಡು ಕಲಿತ ವಿದ್ಯೆ. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮನೆಯವರದೇ ಒಂದು ಹೆರಿಗೆಗೆ ಮೊದಲ ಸಲ ಕೈ ಹಾಕಿದರು. ಅಲ್ಲಿಂದ ಮುಂದೆ 15,000ಕ್ಕೂ ಹೆಚ್ಚು ಮಕ್ಕಳನ್ನು ದುಡ್ಡು ಮುಟ್ಟದೆ ಈ ಲೋಕಕ್ಕೆ ತಂದರು. ತಮಗೆ ಬಂದದ್ದನ್ನು ಬೇರೆ ಹೆಂಗಸರಿಗೂ ಹೇಳಿಕೊಟ್ಟರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟು ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಮರಿಗೆಮ್ಮನ ಹತ್ತಿರ ಹಾಜರಿ ಪುಸ್ತಕ ಇರಲಿಲ್ಲ, ಇಂಟರ್ನಲ್ಸ್ ಇರಲಿಲ್ಲ. ಮೊಮ್ಮಗಳ ಕೈಗೆ ಮಗುವಿನ ತಲೆ ಸಿಗುವ ತನಕ ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.

ನರಸಮ್ಮ ಕಡೆಯ ಉಸಿರು ಬಿಟ್ಟಿದ್ದು ಇದೇ ಪಡುವಣ ಬೆಂಗಳೂರಿನ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ.

ಅದಾಗಿ ಐದು ತಿಂಗಳಿಗೆ, 2019ರ ಮೇ 22ರಂದು, ಮುಂಬೈಯ ನಾಯರ್ ಆಸ್ಪತ್ರೆಗೆ ಸೇರಿದ ಹಾಸ್ಟೆಲ್ಲಿನಲ್ಲಿ ಡಾಕ್ಟರ್ ಪಾಯಲ್ ತಡ್ವಿ ಪ್ರಾಣ ಬಿಟ್ಟಳು. ವಯಸ್ಸು 26. ಜಲಗಾಂವ್ ಕಡೆಯ ತಡ್ವಿ ಭಿಲ್ಲರ ಹುಡುಗಿ. ಓದುತ್ತಿದ್ದದ್ದು ಹೆರಿಗೆ ಮತ್ತು ಸ್ತ್ರೀರೋಗದ ಎಂ.ಡಿ. ಮೂವರು ಹಿರಿಯ ಡಾಕ್ಟರುಗಳು ಜಾತಿ ಹಿಡಿದು ಹಂಗಿಸುತ್ತಿದ್ದರು, ಓ.ಟಿ.ಗೆ ಬರಗೊಡುವುದಿಲ್ಲ, ಹೆರಿಗೆ ಮಾಡಿಸಲು ಬಿಡುವುದಿಲ್ಲ ಅನ್ನುತ್ತಿದ್ದರು ಅಂತ ಮನೆಯವರು ದೂರು ಕೊಟ್ಟರು. ಆರೋಪ ಹೊತ್ತವರು ಅದನ್ನು ಒಪ್ಪಲಿಲ್ಲ, ಪ್ರಕರಣ ಕೋರ್ಟಿಗೆ ಹೋಯಿತು. ಮಗಳಿಗೆ ಹಿಂಸೆಯಾಗುತ್ತಿದೆ ಅಂತ ತಾನು ಮೊದಲೇ ಹೇಳಿದ್ದೆ ಅಂದಳು ತಾಯಿ ಆಬೇದಾ ತಡ್ವಿ. ಅದೇ ವರ್ಷ ಆ ತಾಯಿ, ಹೈದರಾಬಾದಿನಲ್ಲಿ 2016ರಲ್ಲಿ ಮಗ ರೋಹಿತನನ್ನು ಕಳೆದುಕೊಂಡ ರಾಧಿಕಾ ವೇಮುಲ ಅವರ ಜೊತೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಳು. ಕಾಲೇಜುಗಳಲ್ಲಿ ಜಾತಿಯ ಕಿರುಕುಳ ನಿಲ್ಲಿಸಲು 2012ರಲ್ಲೇ ಮಾಡಿಟ್ಟ ನಿಯಮಗಳನ್ನು ಜಾರಿಗೆ ತನ್ನಿ ಅನ್ನೋದು ಇಬ್ಬರ ಅರ್ಜಿ.